ಎಡಬಾಗಿಲಿನ ಬಣ್ಣ

ಬಲಗಣ್ಣು ಮುಚ್ಚಿದರೆ ಟವೆಲ್ಲು ಎಂದಿನ ಟವೆಲ್ಲೇ. ಎಡಗಣ್ಣು ಮುಚ್ಚಿದರೆ ಅದೇ ಟವೆಲ್ಲು ಅಂಗಡಿಯಿಂದ ಈಗಷ್ಟೇ ಬಿಚ್ಚಿ ತಂದದ್ದರಂತೆ ಬೆಳ್ಳಗೆ, ಬಿಳುಪಿನ ಒಳಗೆಲ್ಲೋ ಒಂದು ಹನಿ ನೀಲಿ ಸೇರಿದ ಹಾಗೆ. ಬಚ್ಚಲಿನ ಬಾಗಿಲು ಹಾಕಿಕೊಂಡು ಹೀಗೆ ಒಂದೊಂದೇ ಕಣ್ಣು ಮುಚ್ಚಿ ತೆರೆದು ಎಷ್ಟು ಹೊತ್ತಾಗಿತ್ತೋ, ಹೊರಗಿನಿಂದ ಹೆಂಡತಿ ಬಾಗಿಲು ತಟ್ಟಿದಳು. "ರೀ, ಒಳಗೇನು ಮಾಡ್ತಿದ್ದೀರಿ? ಆಪರೇಷನ್ ಆದ ಕಣ್ಣಿಗೆ ನೀರು ತಾಗಿಸಬೇಡಿ ಅಂತ ಡಾಕ್ಟರು ಅಷ್ಟು ಬಡ್ಕೊಂಡಿದಾರೆ." "ಟವೆಲ್ ನೋಡ್ತಿದೀನಿ," ಎಂದ. "ಟವೆಲ್ಲಲ್ಲಿ ನೋಡೋಕೇನಿದೆ?" ಈ ಟವೆಲ್ಲುಗಳು ಹಳದಿಗಟ್ಟಿವೆ, ನಿನಗೆ ಒಗೆಯಲು ಬರುವುದಿಲ್ಲ ಎಂದು ಅವಳ ಮೇಲೆ ಹಾರಾಡಿದ್ದು, ಅವಳು ಮರುಮಾತಾಡದೆ ಸೋಪು ಬದಲಾಯಿಸಿದ್ದು, ಬದಲಾಯಿಸಿದ ಮೇಲೂ ಅವನು ಮೂಗು ಮುರಿದಿದ್ದು ಎಲ್ಲ ಒಟ್ಟಿಗೇ ನೆನಪಿಗೆ ಬಂದು ಕಿವಿ ಬೆಚ್ಚಗಾಯಿತು. ಟವೆಲ್ಲು ಆಗಲೂ ಬೆಳ್ಳಗೇ ಇತ್ತು. ಹಳದಿಯಾಗಿದ್ದುದು ಅವನ ಕಣ್ಣಿನೊಳಗಿನ ಪೊರೆ. ಜೀವಮಾನವೆಲ್ಲ ಗಿರಣಿಯ ಬಣ್ಣದ ವಿಭಾಗದಲ್ಲಿ ದಾರಕ್ಕೆ ದಾರ ಹೊಂದಿಸಿ, ಇವನು ಒಪ್ಪಿದರೆ ಮಾತ್ರ ಬಟ್ಟೆಯ ಥಾನು ಹೊರಗೆ ಹೋಗಬೇಕು ಎನ್ನಿಸಿಕೊಂಡವನಿಗೆ ಈಗ ಮನೆಯ ಟವೆಲ್ಲು ಪಾಠ ಹೇಳುತ್ತಿತ್ತು.

ಆದರೆ ಅವನ ಮನಸ್ಸು ಕೆಟ್ಟಿದ್ದು ಟವೆಲ್ಲಿನಿಂದಲ್ಲ. ನಿನ್ನೆ ಸಂಜೆ ಗಡಿಯಾರದವನು ನೋಡಲು ಬಂದಿದ್ದ. ಪೇಟೆಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಅವನೂ ಇವನೂ ಬಹಳ ಹಳೆಯ ಸ್ನೇಹಿತರು. ಹಳೇ ಕಾರಿನ ಹುಚ್ಚು ಇಬ್ಬರಿಗೂ ಒಟ್ಟಿಗೇ ಹತ್ತಿದ್ದು; ಭಾನುವಾರವಾದರೆ ಇವನ ನಾದಿನಿಯೂ ಸೇರಿ ಮೂವರೂ ಗಡಿಯಾರದವನ ಶೆಡ್ಡಿನಲ್ಲಿ ಹಳೇ ಕಾರು ರಿಪೇರಿಗೆ ಕೂರುತ್ತಾರೆ. ಬಂದವನು ಕಣ್ಣಿನ ಯೋಗಕ್ಷೇಮ ವಿಚಾರಿಸಿ, ಟೀ ಕುಡಿದು, "ನಾಳೆ ಶೆಡ್ಡಿಗೆ ಬರಬೇಡ ಭಾವ, ಧೂಳು, ಇನ್ನೊಂದೆರಡು ವಾರ ರೆಸ್ಟ್ ತಗೋ," ಎಂದು ಹೇಳಿ ಹೊರಟ. ಹೆಂಡತಿಯ ತಂಗಿ ಭಾವ ಎಂದು ಕರೆಯುವುದನ್ನು ಕೇಳಿ ಕೇಳಿ ಅವನಿಗೂ ಅದೇ ಬಾಯಿಗೆ ಹತ್ತಿಬಿಟ್ಟಿತ್ತು. ಬೀಳ್ಕೊಡಲು ಬಾಲ್ಕನಿಗೆ ಬಂದು ನಿಂತಾಗ ಕೆಳಗೆ ಅವನ ಕಾರು ರಸ್ತೆಯಲ್ಲಿ ಹಿಂದೆ ಮುಂದೆ ಮಾಡಿ ತಿರುಗಿತು. ಬೂದಿ ಬೆರೆಸಿದ ನೀಲಿ ಬಣ್ಣದ, ಉಬ್ಬುಗೆನ್ನೆಯ ಹಳೇ ಕಾರು. ತಿರುಗುವಾಗ ಎಡಮಗ್ಗುಲು ಪೂರ್ತಿ ಬೆಳಕಿಗೆ ಬಂತು. ಮುಂದಿನ ಬಾಗಿಲು ಬೇರೆ ಬಣ್ಣದ್ದಾಗಿತ್ತು. ತೀರಾ ಬೇರೆ ಎಂದಲ್ಲ. ಬೂದಿನೀಲಿಯೇ, ಆದರೆ ಅದರಲ್ಲಿ ನೇರಳೆ ಇತ್ತು. ಎಂಥ ಕುರುಡನಿಗೂ ಕಾಣುವಷ್ಟು ನೇರಳೆ. ಆ ಬಾಗಿಲಿಗೆ ಬಣ್ಣ ಹೊಂದಿಸಿಕೊಟ್ಟವನು ತಾನೇ.

ಹೊಸ ಕಣ್ಣಿಗೆ ಕೆಲವು ದಿನ ಎಲ್ಲವೂ ನೀಲಿನೀಲಿಯಾಗಿ ಕಾಣುತ್ತದೆ, ಗಾಬರಿಯಾಗಬೇಡಿ ಎಂದು ಡಾಕ್ಟರು ಹೇಳಿದ್ದರು. ರಾತ್ರಿ ಆ ಮಾತನ್ನೇ ತಬ್ಬಿಕೊಂಡು ಮಲಗಿದ್ದ. ಬೆಳಿಗ್ಗೆ ಆ ಸಮಾಧಾನ ನಿಲ್ಲಲಿಲ್ಲ. ಕಣ್ಣು ನೀಲಿ ಕಂಡರೆ ಇಡೀ ಕಾರನ್ನು ನೀಲಿಯಾಗಿ ಕಾಣಬೇಕು. ಬಾಗಿಲಿಗೊಂದು ಕಣ್ಣು, ಪಕ್ಕದ ತಗಡಿಗೊಂದು ಕಣ್ಣು ಇರುವುದಿಲ್ಲ. ಇದನ್ನು ಗಿರಣಿಗೆ ಹೊಸದಾಗಿ ಸೇರಿದ ಹುಡುಗರಿಗೆಲ್ಲ ಅವನೇ ಹೇಳಿಕೊಡುತ್ತಿದ್ದ. ಹಾಗಾದರೆ ಆ ಬಾಗಿಲು ಮೊದಲಿನಿಂದಲೂ ಹಾಗೇ ಇತ್ತು. ಅವನೊಬ್ಬನನ್ನು ಬಿಟ್ಟು ಊರಿಗೆಲ್ಲ ಕಂಡಿತ್ತು. ಇಷ್ಟು ವರ್ಷ ಪ್ರತಿ ಭಾನುವಾರ ಆ ಬಾಗಿಲನ್ನೇ ತೆಗೆದು ಹತ್ತಿ, ಗಡಿಯಾರದವನ ಪಕ್ಕ ಕೂತು, ಕಿಟಕಿಗೆ ಮೊಣಕೈ ಊರಿಕೊಂಡು ಮಹಾರಾಜನ ಹಾಗೆ ಸುತ್ತಿದ್ದಾನೆ. ಅವನಿಗೆ ಗೊತ್ತಾಗಬೇಕಾಗಿದ್ದುದು ಒಂದೇ: ಗಡಿಯಾರದವನೂ ನಾದಿನಿಯೂ ತನ್ನನ್ನು ಬೇಕಾದವನೆಂದು ಜೊತೆಗಿಟ್ಟುಕೊಂಡಿದ್ದರೋ, ಅಥವಾ ಪಾಪ, ಇರಲಿ ಬಿಡು ಎಂದೋ. "ಶೆಡ್ಡಿಗೆ ಹೋಗಿ ಬರ್ತೀನಿ," ಎಂದಾಗ ಹೆಂಡತಿ ಕಪ್ಪು ಕನ್ನಡಕ ತಂದು ಕೈಗಿಟ್ಟಳು. "ಹೋಗಬೇಡಿ ಅಂದ್ರೆ ಕೇಳ್ತೀರಾ? ಇದನ್ನಾದರೂ ಹಾಕ್ಕೊಳ್ಳಿ." ಬೀದಿಯ ತಿರುವಿನವರೆಗೆ ಹಾಕಿಕೊಂಡು ಹೋಗಿ, ತೆಗೆದು ಜೇಬಿಗಿಟ್ಟ.

ಬೀದಿಯಲ್ಲಿ ಎಲ್ಲ ವಸ್ತುಗಳೂ ತೊಳೆದಿಟ್ಟ ಹಾಗಿದ್ದವು. ಬೇಕರಿಯ ಹಲಗೆ, ಪೋಸ್ಟ್ ಡಬ್ಬಿ, ಯಾರದೋ ಗೇಟು. ಚೆಂದವಾಗಿಯೇ ಇತ್ತು, ಆದರೆ ಪ್ರತಿಯೊಂದೂ ಅವನನ್ನು ಆಡಿಕೊಂಡು ನಗುತ್ತಿರುವಂತೆ ಅನ್ನಿಸಿತು. ಆ ಬಾಗಿಲಿನ ಕೆಲಸ ಅವನಿಗೆ ಚೆನ್ನಾಗಿ ನೆನಪಿದೆ. ಮೂಲ ಬಾಗಿಲು ತುಕ್ಕು ಹಿಡಿದು ಕೈಯಿಟ್ಟಲ್ಲಿ ಪುಡಿಯಾಗುತ್ತಿತ್ತು. ಗುಜರಿಯಲ್ಲಿ ಬೇರೆ ಬಾಗಿಲು ಸಿಕ್ಕಿತು. ಕಾರಿನ ಹಳೇ ಬಣ್ಣ ಬಿಸಿಲಿಗೆ ಎಷ್ಟು ಮಾಸಿತ್ತೋ ಅಷ್ಟಕ್ಕೆ ಸರಿಯಾಗಿ ಹೊಸದನ್ನು ಹೊಂದಿಸಬೇಕಾಗಿತ್ತು. ಡಬ್ಬಿಯಲ್ಲಿ ಸಿಗುವ ಬಣ್ಣ ಅದಕ್ಕೆ ಆಗುವುದಿಲ್ಲ. ತಗಡಿನ ಚೂರುಗಳ ಮೇಲೆ ಬಣ್ಣ ಹೊಡೆದು, ಒಣಗಿಸಿ, ಕಾರಿಗೆ ತಾಗಿಸಿ ಹಿಡಿದು, ಹನಿಹನಿ ಕಪ್ಪು, ಹನಿಹನಿ ನೀಲಿ ಸೇರಿಸುತ್ತ ಅವನು ಕೂತಿದ್ದರೆ ನಾದಿನಿ ಪಕ್ಕದಲ್ಲಿ ಕೂತು ಒಂದೊಂದನ್ನೂ ಕೇಳುತ್ತಿದ್ದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಅವಳು ಶೆಡ್ಡಿಗೆ ಮೊದಲು ಬಂದದ್ದು ಸೀಟುಗಳ ಹೊಲಿಗೆಗೆ. ಹೊಲಿಗೆಯಲ್ಲಿ ಅವಳದು ಒಂದು ಕೈ ಮೇಲೆ ಎಂದು ಅವಳೇ ಹೇಳಿಕೊಳ್ಳುತ್ತಾಳೆ, ಬೇರೆಯವರು ಹೇಳುವವರೆಗೆ ಕಾಯುವವಳಲ್ಲ. "ಹಸಿ ಇದ್ದಾಗ ನೋಡಬೇಡ," ಎಂದು ಅವನು ಹೇಳಿಕೊಟ್ಟಿದ್ದ. "ಒಣಗಿದ ಮೇಲೆ ನೋಡು. ಬಿಸಿಲಲ್ಲಿ ಬೇಡ, ಬಾಗಿಲ ಹತ್ತಿರದ ನೆರಳಲ್ಲಿ ನೋಡು. ಒಂದು ಸಲ ನೋಡಿ ಕಣ್ಣು ತೆಗೆದುಬಿಡು. ನೋಡ್ತಾನೇ ಇದ್ರೆ ಕಣ್ಣು ರಾಜಿಯಾಗಿಬಿಡುತ್ತೆ." ಕೊನೆಗೊಂದು ಚೂರನ್ನು ಹಿಡಿದು "ಇದೇ," ಎಂದಾಗ ಅವಳು ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳಲ್ಲವೇ? ಗಡಿಯಾರದವನ ಮುಖ ನೋಡಿದಳಲ್ಲವೇ? ನೋಡಿದಳೋ, ಅಥವಾ ನೋಡಿದಳೆಂದು ಈಗ ತಾನು ಕಟ್ಟಿಕೊಳ್ಳುತ್ತಿದ್ದಾನೋ, ಹೇಳುವುದು ಕಷ್ಟ. ಆದರೆ ಹಳೇ ಕಾರುಗಳ ಪ್ರದರ್ಶನದ ದಿನ ನಡೆದದ್ದು ಕಟ್ಟಿಕೊಂಡದ್ದಲ್ಲ. ಅಷ್ಟು ದೊಡ್ಡ ಮೈದಾನದಲ್ಲಿ ಗಡಿಯಾರದವನು ಹುಡುಕಿ ಹುಡುಕಿ ಗೋಡೆಯ ಪಕ್ಕದ ಜಾಗ ಹಿಡಿದು, "ಭಾವ, ನೀನು ಇಲ್ಲೇ ಇಳಿ, ನಾನು ಒತ್ತಿ ನಿಲ್ಲಿಸ್ತೀನಿ," ಎಂದು ಎಡಮಗ್ಗುಲನ್ನು ಗೋಡೆಗೆ ಹಚ್ಚಿ ನಿಲ್ಲಿಸಿದ್ದ. ನನ್ನ ಕೆಲಸ ಇರೋದೇ ಆ ಕಡೆಯಲ್ಲವೇನೋ ಎಂದು ಇವನು ರೇಗಿದರೆ, ನೆರಳು ಈ ಕಡೆಗಿದೆ ಎಂದಿದ್ದ. ನೆರಳಂತೆ ನೆರಳು.

ಶೆಡ್ಡು ಎಂದರೆ ಗಡಿಯಾರದವನ ಮನೆಯ ಹಿಂದಿನ ಹಳೇ ಗೋದಾಮು. ಬಾಗಿಲು ದಾಟುತ್ತಲೇ ಥಿನ್ನರಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಅವನಿಗೆ ಅದು ತವರಿನ ವಾಸನೆ. ಮಧ್ಯದಲ್ಲಿ ಮೂವರೂ ಸೇರಿ ಗುಜರಿಯಿಂದ ಎಳೆದು ತಂದ ಕೆನೆಬಣ್ಣದ ಪುಟ್ಟ ಕಾರು, ಒಂದು ಮಡ್‌ಗಾರ್ಡ್ ಇಲ್ಲದೆ, ಹಲ್ಲು ಬಿದ್ದವರ ಹಾಗೆ ನಿಂತಿತ್ತು. ನಾದಿನಿ ಅದರೊಳಗೆ ತಲೆ ತೂರಿಸಿ, ಹೋದ ವರ್ಷವೇ ಹೊಲಿದಿಟ್ಟಿದ್ದ ಸೀಟು ಕೂರಿಸುತ್ತಿದ್ದಳು. ಗಡಿಯಾರದವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕಾರ್ಬುರೇಟರಿನ ಒಂದು ಚಿಕ್ಕ ತಿರುಪನ್ನು ಬೈಯುತ್ತ ಬಿಚ್ಚುತ್ತಿದ್ದ. ಹಿತ್ತಲಲ್ಲಿ ಅವನ ಬೂದಿನೀಲಿ ಕಾರು, ಎಡಮಗ್ಗುಲು ಗೋಡೆಗೆ. "ಬರಬೇಡ ಅಂದಿದ್ನಲ್ಲೋ," ಎಂದು ಗಡಿಯಾರದವನು ಎದ್ದ. "ನಿನ್ನ ಕಾರನ್ನ ಗೋಡೆಯಿಂದ ಈಚೆ ತೆಗಿ," ಎಂದ ಇವನು. "ಯಾಕೆ?" "ತೆಗಿ ಅಂದೆ." ಗಡಿಯಾರದವನು ಕೈ ಒರೆಸಿಕೊಳ್ಳುವುದರಲ್ಲಿ ಬಹಳ ಹೊತ್ತು ಕಳೆದ. ಒರೆಸಲು ಅಷ್ಟೇನೂ ಇರಲಿಲ್ಲ. "ಎಡಬಾಗಿಲು ನೇರಳೆ ಇದೆ," ಎಂದು ಇವನೇ ಹೇಳಿದ. ದನಿ ಟೀಗೆ ಸಕ್ಕರೆ ಕಡಿಮೆಯಾಗಿದೆ ಎನ್ನುವಷ್ಟೇ ಇತ್ತು.

"ಅಯ್ಯೋ, ಹೊಸ ಕಣ್ಣಲ್ವಾ ಭಾವ," ಎಂದ ಗಡಿಯಾರದವನು, ಅತಿ ಬೇಗ. "ನಮ್ಮಣ್ಣನಿಗೂ ಹಾಗೇ ಆಗಿತ್ತು. ಒಂದು ತಿಂಗಳು ಎಲ್ಲಾ ನೇರಳೆ. ಅನ್ನದ ಮೇಲೂ ನೇರಳೆ ಕಾಣ್ತಿತ್ತಂತೆ ಅವನಿಗೆ." "ನಿಮ್ಮಣ್ಣನಿಗೆ ಆಪರೇಷನ್ನೇ ಆಗಿಲ್ಲ." "ಆಗಿಲ್ವಾ? ಹಾಗಾದ್ರೆ ನಮ್ಮ ಷಡ್ಡಕನಿಗೆ ಇರಬೇಕು." ಕಾರಿನೊಳಗಿನಿಂದ ನಾದಿನಿಯ ತಲೆ ಹೊರಬಂತು. ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ತೋಳಿಗೆ ಚುಚ್ಚಿಕೊಂಡಳು. "ಸಾಕು ಬಿಡಿ," ಎಂದು ಗಡಿಯಾರದವನಿಗೆ ಹೇಳಿ, ಇವನ ಕಡೆ ತಿರುಗಿದಳು. "ನೇರಳೆ ಇರೋದು ನಿಜ ಭಾವ. ಮೊದಲ ದಿನದಿಂದಾನೂ ಇತ್ತು."

ಕೇಳಬೇಕೆಂದೇ ಬಂದ ಮಾತು. ಕೇಳಿದ ಮೇಲೆ ಟೈರಿನ ರಾಶಿಯ ಮೇಲೆ ಕೂತ. ಹಾಗಾದರೆ ಉಳಿದವು? ಬಾಗಿಲಾದ ಮೇಲೆ ಎಷ್ಟೋ ಕೆಲಸಗಳು ಬಂದಿದ್ದವು. ಯಾರದೋ ಡಿಕ್ಕಿಯ ಮುಚ್ಚಳ, ಯಾರದೋ ಬಾನೆಟ್ಟು, ಪರವೂರಿನಿಂದ ಹುಡುಕಿಕೊಂಡು ಬಂದವರೂ ಇದ್ದರು. ಅವೆಲ್ಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿದ್ದವೆಂದು ಎಲ್ಲರೂ ಕೈ ಕುಲುಕಿದ್ದರು. ಅವನು ಕೇಳಿಯೇಬಿಟ್ಟ. ನಾದಿನಿ ನೆಲ ನೋಡಿದಳು. ಜೀವನದಲ್ಲಿ ಅವಳು ನೆಲ ನೋಡಿದ್ದನ್ನು ಅವನು ಕಂಡಿರಲಿಲ್ಲ. "ನೀವು ಬಣ್ಣ ಒಪ್ಪಿ ಮನೆಗೆ ಹೋದ ಮೇಲೆ ನಾನು ಕೂತು ಸರಿ ಮಾಡ್ತಿದ್ದೆ. ಒಂದೊಂದು ಹನಿ ಅಷ್ಟೇ. ಬಾಗಿಲಿಗೆ ಮಾತ್ರ ನೀವಿದ್ದಾಗಲೇ ಬಣ್ಣ ಹೊಡೆದುಬಿಟ್ಟಿದ್ವಿ." ಕುಲುಕಿದ ಕೈಗಳೆಲ್ಲ ಕಣ್ಣ ಮುಂದೆ ಬಂದವು. ಎದ್ದು ನಿಂತು ಒಂದೊಂದು ಸಲ ಸಣ್ಣ ಭಾಷಣವನ್ನೂ ಮಾಡಿದ್ದ, ಬಣ್ಣವೆಂದರೆ ತಾಳ್ಮೆ ಎಂದು. ಆಗ ಇವಳು ಎಲ್ಲಿ ಕೂತಿದ್ದಳು? ಹಿಂದಿನ ಸಾಲಿನಲ್ಲಿ, ಚಪ್ಪಾಳೆ ತಟ್ಟುತ್ತ.

"ನನ್ನನ್ನ ಮಗು ಥರ ಆಡಿಸಿದ್ರಿ," ಎಂದ. ಕೋಪವೇ ಬಂದಿತ್ತು, ಆದರೆ ಕೂಗಲಿಲ್ಲ. "ಒಂದು ಮಾತು ಹೇಳೋಕಾಗ್ತಿರಲಿಲ್ವಾ? ಕಣ್ಣು ತೋರಿಸ್ಕೋ ಮಾರಾಯ ಅಂತಾದರೂ ಹೇಳಬಹುದಿತ್ತಲ್ಲ." "ಹೇಳಿಸಲಿಲ್ವಾ?" ಎಂದಳು ನಾದಿನಿ. "ಅಕ್ಕ ದಿನಾ ಬೆಳಗಾದ್ರೆ ಕಣ್ಣಿನ ಡಾಕ್ಟರು ಕಣ್ಣಿನ ಡಾಕ್ಟರು ಅಂತ ನಿಮ್ಮ ಪ್ರಾಣ ತೆಗೀತಿದ್ಲಲ್ಲ, ಅವಳಿಗೆ ಯಾರು ಹೇಳಿದ್ದು ಅಂದ್ಕೊಂಡ್ರಿ? ನೀವೇ, ಬಣ್ಣದವನ ಕಣ್ಣಲ್ಲಿ ಡಾಕ್ಟರು ಏನು ನೋಡ್ತಾನೆ ಅಂತ ಹಾರಾಡಿದ್ದು." ಹಾಗಾದರೆ ಹೆಂಡತಿಗೂ ಗೊತ್ತಿತ್ತು. ಟವೆಲ್ಲು ಬೆಳ್ಳಗಿದೆಯೆಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಸೋಪು ಬದಲಾಯಿಸಿದ್ದಳು. ಒಂದು ಮನೆಯಲ್ಲಿ ಇದ್ದುಕೊಂಡು ಒಬ್ಬರು ಇನ್ನೊಬ್ಬರಿಗಾಗಿ ಇಷ್ಟೆಲ್ಲ ಸುಮ್ಮನಿರಬಹುದೆಂದು ಅವನಿಗೆ ಹೊಳೆದಿರಲಿಲ್ಲ. ಗಡಿಯಾರದವನು ಪಕ್ಕಕ್ಕೆ ಬಂದು ಇನ್ನೊಂದು ಟೈರಿನ ಮೇಲೆ ಕೂತ. "ಹೇಳಿದ್ರೆ ನೀನು ಬರೋದೇ ನಿಲ್ಲಿಸಿಬಿಡ್ತಿದ್ದೆ." "ನಿಲ್ಲಿಸ್ತಿರಲಿಲ್ಲ." ಖಂಡಿತ ನಿಲ್ಲಿಸುತ್ತಿದ್ದನೆಂದು ಮೂವರಿಗೂ ಗೊತ್ತಿತ್ತು. "ನೀನು ಬರದೇ ಹೋದ್ರೆ," ಎಂದ ಗಡಿಯಾರದವನು, ಕೈಯಲ್ಲಿದ್ದ ತಿರುಪನ್ನು ತಿರುಗಿಸುತ್ತ, "ಭಾನುವಾರ ಅನ್ನೋದನ್ನ ಇಟ್ಕೊಂಡು ನಾನೇನು ಮಾಡಲಿ?"

ಆ ಮಾತಿಗೆ ಅವನು ಕರಗಬೇಕಿತ್ತು. ಅರ್ಧ ಕರಗಿದ ಕೂಡ. ಆದರೆ ಇನ್ನರ್ಧ ಗಟ್ಟಿಯಾಗಿ ಕೂತಿತ್ತು. ಜೊತೆಗೆ ಬೇಕು ಎನ್ನುವುದು ಒಂದು, ಕೆಲಸಕ್ಕೆ ಬೇಕು ಎನ್ನುವುದು ಇನ್ನೊಂದು. ಇಷ್ಟು ವಯಸ್ಸಾದ ಮೇಲೂ ಅವನಿಗೆ ಎರಡನೆಯದೇ ಬೇಕಾಗಿತ್ತು. ಅಷ್ಟರಲ್ಲಿ ನಾದಿನಿ ಕಿಟಕಿಯ ಕಟ್ಟೆಯ ಮೇಲಿದ್ದ ಒಂದು ತಗಡಿನ ಚೂರು ತಂದು ಮುಂದೆ ಹಿಡಿದಳು. ಪುಟ್ಟ ಕಾರಿನ ಹೊಸ ಮಡ್‌ಗಾರ್ಡಿಗೆ ಅವಳು ಕಲಸಿದ ಕೆನೆಬಣ್ಣ, ನಿನ್ನೆ ಹೊಡೆದು ಒಣಗಿಸಿದ್ದು. "ಈಗ ನಿಜವಾದ ಕಣ್ಣು ಬಂದಿದೆಯಲ್ಲ, ನೋಡಿ ಹೇಳಿ." ಅವನು ಎದ್ದು, ಚೂರನ್ನು ತೆಗೆದುಕೊಂಡು, ಬಿಸಿಲು ಬೀಳದ ಕಡೆ ಬಾನೆಟ್ಟಿಗೆ ತಾಗಿಸಿ ಹಿಡಿದ. ಬಲಗಣ್ಣಿಂದ ನೋಡಿದ. ಚೂರು ಎಲ್ಲಿ ಮುಗಿಯಿತು, ಕಾರು ಎಲ್ಲಿ ಶುರುವಾಯಿತು ತಿಳಿಯಲಿಲ್ಲ. ಅಂಚಿನ ಗೆರೆಯೊಂದು ಬಿಟ್ಟರೆ ಏನೂ ಇರಲಿಲ್ಲ. ಕಾರು ಇಷ್ಟು ವರ್ಷ ಉಂಡ ಬಿಸಿಲನ್ನೂ ಲೆಕ್ಕಕ್ಕೆ ಹಿಡಿದು ಕಲಸಿದ್ದಳು. ಅವನು ಗಿರಣಿಯಲ್ಲಿದ್ದಾಗ, ಕಣ್ಣು ಕಣ್ಣಾಗಿದ್ದಾಗ, ಇದಕ್ಕಿಂತ ಚೆನ್ನಾಗಿ ಮಾಡುತ್ತಿದ್ದನೆಂದು ಹೇಳಲು ಬಾಯಿ ಬರಲಿಲ್ಲ. ಹೆಮ್ಮೆ ಎನ್ನಿಸಬೇಕಾದಲ್ಲಿ ಅವನಿಗೆ ಹೆದರಿಕೆಯಾಯಿತು. ಸರಿಯಾಗಿದೆ ಎಂದರೆ ಇನ್ನು ಅವನು ಇಲ್ಲಿ ಮಾಡುವುದೇನೂ ಇಲ್ಲ.

"ಹಳದಿ ಸಾಲದು," ಎಂದ. "ಒಂದು ಹನಿ ಹಾಕು."

ನಾದಿನಿ ಚೂರನ್ನು ಅವನ ಕೈಯಿಂದ ತೆಗೆದುಕೊಂಡಳು. ಒಂದು ಸಲ ಬಾನೆಟ್ಟಿಗೆ ಹಿಡಿದು ನೋಡಿ ಕಣ್ಣು ತೆಗೆದಳು. ಆಮೇಲೆ ಅವನನ್ನು ನೋಡಿದಳು. ಅಲ್ಲಿಂದ ಕಣ್ಣು ತೆಗೆಯಲಿಲ್ಲ. "ಇಲ್ಲ ಭಾವ," ಎಂದಳು. "ಸುಳ್ಳು ಹೇಳ್ತಿದ್ದೀರಿ." ಗಡಿಯಾರದವನು "ಏ, ಹಾಗೆಲ್ಲ ಅನ್ನಬಾರದಮ್ಮ, ಹಿರಿಯರು," ಎಂದು ಎದ್ದೇಬಿಟ್ಟ. "ಒಂದು ಹನಿ ತಾನೇ, ಹಾಕಿದ್ರಾಯ್ತು, ಅದಕ್ಕೇನಂತೆ—" "ನೀವು ಸುಮ್ನಿರಿ. ಒಂದು ಹನಿ ಹಾಕಿದ್ರಾಯ್ತು ಅಂತಲೇ ಇಲ್ಲಿಗೆ ಬಂದು ನಿಂತಿದ್ದೀವಿ." ಮತ್ತೆ ಇವನ ಕಡೆ ತಿರುಗಿದಳು. "ಅವತ್ತು ನಿಮಗೆ ಕಾಣ್ತಿರಲಿಲ್ಲ, ನಾನು ಬಾಯಿ ಮುಚ್ಕೊಂಡೆ. ಇವತ್ತು ನಿಮಗೆ ಕಾಣ್ತಿದೆ. ಇವತ್ತೂ ಮುಚ್ಕೊಂಡ್ರೆ ನಿಮ್ಮ ಹತ್ರ ಕಲಿತದ್ದಕ್ಕೆ ಏನರ್ಥ? ಬಣ್ಣ ಸರಿಯಾಗಿದೆ. ಸರಿಯಾಗಿದೆ ಅಂತ ಹೇಳಿ."

ಅವಳು ಎದುರಿಗೆ ನಿಂತು ಹೀಗೆ ಅನ್ನುತ್ತಿರುವುದು ಇದೇ ಮೊದಲು. ಮುಖಕ್ಕೆ ತಣ್ಣೀರು ಎರಚಿದ ಹಾಗಾಯಿತು. ಅವಮಾನವೆಂದರೆ ಅವಮಾನವೇ, ಆದರೆ ಬೆಳಗಿನಿಂದ ಹೊತ್ತು ತಿರುಗಿದ್ದ ಅವಮಾನ ಇದಲ್ಲ. ಅದು ಬೆನ್ನ ಹಿಂದೆ ನಡೆದದ್ದು. ಇದು ಕಣ್ಣೆದುರಿಗೆ, ಹಗಲು ಬೆಳಕಿನಲ್ಲಿ, ಅವನನ್ನು ಸಮಾನನೆಂದು ತಿಳಿದು ಕೊಟ್ಟದ್ದು. ಪಾಪ ಎಂದು ಅನ್ನಿಸಿದವನಿಗೆ ಯಾರೂ ಹೀಗೆ ಬೈಯುವುದಿಲ್ಲ. "ಸರಿಯಾಗಿದೆ," ಎಂದ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. "ಸರಿಯಾಗಿದೆಯಮ್ಮ. ನನಗಿಂತ ಚೆನ್ನಾಗಿ ಮಾಡಿದ್ದೀಯ. ನಾನು ಅಂದದ್ದು ಸುಳ್ಳು." ನಾದಿನಿ ಮೂಗು ಒರೆಸಿಕೊಂಡಳು. "ಹಾಗಾದ್ರೆ ಇನ್ನು ಮೇಲೆ ಇಲ್ಲಿ ಸುಳ್ಳು ಬೇಡ. ಯಾರೂ ಯಾರಿಗೂ." "ಯಾರೂ ಯಾರಿಗೂ," ಎಂದು ಗಡಿಯಾರದವನು ಬಹಳ ಧಾರಾಳವಾಗಿ ಒಪ್ಪಿದ.

ಅವಳು ಮತ್ತೆ ಸೀಟಿನ ಕೆಲಸಕ್ಕೆಂದು ಪುಟ್ಟ ಕಾರಿನ ಬಾಗಿಲನ್ನು ಅಗಲ ತೆರೆದಳು. ಕಂದು ಸೀಟಿನ ಮೇಲೆ ಉದ್ದಕ್ಕೂ ಓಡಿದ್ದ ಬಿಳಿ ಹೊಲಿಗೆಯ ಸಾಲುಗಳು ಅವನ ಕಣ್ಣಿಗೆ ಬಿದ್ದವು. ಎಷ್ಟು ಸಲ ನೋಡಿದ್ದ ಸಾಲುಗಳೋ. ಬಗ್ಗಿ ನೋಡಿದ. "ಯಾರೂ ಯಾರಿಗೂ ಅಂದ್ಯಲ್ಲಮ್ಮ," ಎಂದ. "ಈ ಮೂರನೇ ಸಾಲು ಸೊಟ್ಟಗಿದೆ."

ನಾದಿನಿಯ ಮುಖ ಮೊದಲು ಬೆಳ್ಳಗಾಗಿ ಆಮೇಲೆ ಕೆಂಪಾಯಿತು. ಎರಡೂ ಬಣ್ಣ ಅವನಿಗೆ ಸ್ಪಷ್ಟವಾಗಿ ಕಂಡವು. "ಸೊಟ್ಟಗಾ? ನನ್ನ ಹೊಲಿಗೆನಾ? ಏನು ಭಾವ, ಸೇಡು ತೀರಿಸ್ಕೊಳ್ತಿದ್ದೀರಾ?" "ಇಲ್ಲ. ಸೊಟ್ಟಗೇ ಇದೆ." ಅವಳು ಗಡಿಯಾರದವನ ಕಡೆ ತಿರುಗಿದಳು, ನ್ಯಾಯ ಕೇಳುವವಳ ಹಾಗೆ. ಗಡಿಯಾರದವನು ಕೈಯಲ್ಲಿದ್ದ ತಿರುಪನ್ನು ಬೆಳಕಿಗೆ ಹಿಡಿದು ಪರೀಕ್ಷಿಸತೊಡಗಿದ. "ಅದು... ನನಗೆ ಹೋದ ವರ್ಷಾನೇ ಗೊತ್ತಿತ್ತು," ಎಂದ ಕೊನೆಗೆ. "ಹೇಳಿದ್ರೆ ಬೇಜಾರು ಮಾಡ್ಕೋತೀಯೇನೋ ಅಂತ."

"ಥೂ ನಿಮ್ಮ!" ಎಂದು ಅವಳು ಬಟ್ಟೆಯ ಉಂಡೆಯೊಂದನ್ನು ತೆಗೆದು ಅವನ ಮೇಲೆ ಬೀಸಿದಳು. "ಪ್ರಪಂಚದಲ್ಲಿ ಯಾರಿಗೂ ಏನೂ ಹೇಳೋದಿಲ್ವೇನ್ರೀ ನೀವು?" ಗಡಿಯಾರದವನು ತಲೆ ತಗ್ಗಿಸಿ, ಉಂಡೆ ಗೋಡೆಗೆ ಬಡಿದು, ಇವನಿಗೆ ನಗು ಒಳಗಿನಿಂದ ಉಕ್ಕಿ ಬಂತು, ನಗಬೇಡಿ, ಕಣ್ಣಿಗೆ ಒತ್ತಡ ಬೀಳುತ್ತೆ ಎಂದು ಅವಳು ಬೈದಷ್ಟೂ ಹೆಚ್ಚಾಯಿತು. ಎಷ್ಟೋ ದಿನಗಳಿಂದ ಇಷ್ಟು ಸುಖವಾಗಿ ಅವನು ಇರಲಿಲ್ಲ. ಅವಳು ಕತ್ತರಿ ಹುಡುಕಿ ತಂದು, ಸೀಟಿನ ಮೇಲೆ ಮಂಡಿಯೂರಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಬಗ್ಗಿದಳು. ಎಷ್ಟು ಬಗ್ಗಿದರೂ ಸೊಟ್ಟಗಾದ ಜಾಗ ಅವಳ ಕಣ್ಣಿಗೆ ಸಿಕ್ಕಲಿಲ್ಲ.

"ಎಲ್ಲಿ ಭಾವ," ಎಂದಳು. "ಬೆರಳಿಟ್ಟು ತೋರಿಸಿ."